ಬೆನ್ನುನೋವಿಗೆ ಸೂಜಿ ಚಿಕಿತ್ಸೆ: ನಂಬಬಹುದೇ?

ಮಳೆ ಹಿಡಿದು ನಾಟಿ ಶುರುವಾಯಿತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಸೊಂಟ ಹಿಡಿದುಕೊಂಡೇ ಏಳುವವರು ಕಾಣಸಿಗುತ್ತಾರೆ. ಗದ್ದೆಯಲ್ಲಿ ಬಗ್ಗಿ ಸಸಿ ನೆಡುವವರು, ಅಘನಾಶಿನಿಯಲ್ಲಿ ಬಳಚು ಆರಿಸುವವರು, ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತುವವರು, ಅಡಿಕೆ ಮರ ಹತ್ತುವ ಕೊನೆಗಾರರು, ಚಿರೆಕಲ್ಲು ಹೊರುವವರು - ಇವರೆಲ್ಲರಿಗೂ ಬೆನ್ನು ಗಟ್ಟಿಯಿದ್ದರಷ್ಟೇ ಅಂದಿನ ಕೂಲಿ. ಎಣ್ಣೆ ತಿಕ್ಕಿ, ಮಾತ್ರೆ ನುಂಗಿ ಬೇಸತ್ತಾಗ ‘ಸೂಜಿ ಚುಚ್ಚಿಸಿಕೊಂಡರೆ ಹೇಗೆ?’ ಎಂಬ ಪ್ರಶ್ನೆ ಏಳುವುದು ಸಹಜ.

ಏನಿದು ಅಕ್ಯುಪಂಕ್ಚರ್?

ಇದು ಚೀನಾದ ಪುರಾತನ ಪದ್ಧತಿ. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಡಾ. ಕೋಟ್ನಿಸ್ ಅವರ ಜತೆಗಿದ್ದ ಡಾ. ಬಿ. ಕೆ. ಬಸು, ಮುಂದೆ ಇದನ್ನು ಅಲ್ಲಿ ಕಲಿತು ಕೋಲ್ಕತ್ತಾಕ್ಕೆ ತಂದರು. ಕೂದಲಿನಷ್ಟು ತೆಳುವಾದ ಸೂಜಿಗಳನ್ನು ಬೆನ್ನು, ಕಾಲು, ಕೈಗಳ ನಿರ್ದಿಷ್ಟ ಜಾಗಗಳಲ್ಲಿ ಚುಚ್ಚಿ 20ರಿಂದ 30 ನಿಮಿಷ ಬಿಡುತ್ತಾರೆ. ಇಂಜೆಕ್ಷನ್ನಿನಂತೆ ಔಷಧಿ ಒಳಗೆ ಹೋಗುವುದಿಲ್ಲ. ದೇಹದಲ್ಲಿ ಹರಿಯುವ ‘ಚಿ’ ಎಂಬ ಪ್ರಾಣಶಕ್ತಿಯ ತಡೆ ನೀಗುತ್ತದೆ ಎಂಬುದು ಚೀನೀಯರ ವಿವರಣೆ. ಸೂಜಿಯಿಂದ ನರಗಳು ಪ್ರಚೋದನೆಗೊಂಡು, ನೋವು ತಗ್ಗಿಸುವ ಎಂಡಾರ್ಫಿನ್‌ನಂಥ ರಾಸಾಯನಿಕಗಳು ಒಸರುತ್ತವೆ ಎಂಬುದು ಇಂದಿನ ವೈದ್ಯರು ಕೊಡುವ ಒಂದು ಕಾರಣ.

ಗುಣ ಎಷ್ಟು?

ಜರ್ಮನಿಯಲ್ಲಿ ಬಹುಕಾಲದ ಬೆನ್ನುನೋವಿನ 1162 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಸೂಜಿ ಚಿಕಿತ್ಸೆ ಪಡೆದವರಲ್ಲಿ ಶೇ. 47.6 ಮಂದಿಗೆ ಗಣನೀಯ ಆರಾಮ ಸಿಕ್ಕಿತ್ತು. ಮಾತ್ರೆ, ವ್ಯಾಯಾಮದಂಥ ಸಾಮಾನ್ಯ ಚಿಕಿತ್ಸೆಯವರಲ್ಲಿ ಶೇ. 27.4 ಮಂದಿಗೆ ಮಾತ್ರ. ಆದರೆ ಸ್ವಾರಸ್ಯ ಇನ್ನೊಂದಿದೆ. ಬೇಕೆಂದೇ ತಪ್ಪು ಜಾಗದಲ್ಲಿ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 44.2 ಮಂದಿಗೆ ಆರಾಮವಾಗಿತ್ತು! ಅಂದರೆ ಸೂಜಿಯ ಜತೆಗೆ ನಂಬಿಕೆ, ಆರೈಕೆಗಳ ಪಾಲೂ ಇದೆ.

ಆದ್ದರಿಂದಲೇ ತಜ್ಞರಲ್ಲಿ ಒಮ್ಮತವಿಲ್ಲ. 2016ರಲ್ಲಿ ಇಂಗ್ಲೆಂಡಿನ ಮಾರ್ಗಸೂಚಿ ಇದನ್ನು ಕೈಬಿಟ್ಟಿತು. 2017ರಲ್ಲಿ ಅಮೆರಿಕದ ವೈದ್ಯರ ಸಂಘ ಒಪ್ಪಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಬಹುಕಾಲದ ಸೊಂಟನೋವಿಗೆ ಇತರ ಆರೈಕೆಯ ಜತೆ ಇದನ್ನೂ ಕೊಡಬಹುದೆಂದಿತು. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿ ಹೊಟ್ಟೆ, ಮೂತ್ರಪಿಂಡ ಕೆಡಿಸಿಕೊಳ್ಳುವುದಕ್ಕಿಂತ ಇದು ಮೇಲೆನ್ನಬಹುದು. ಆದರೆ ಜಾರಿದ ಡಿಸ್ಕನ್ನು ಸೂಜಿ ಸ್ವಸ್ಥಾನಕ್ಕೆ ತರಲಾರದು. ಸವೆದ ಮೂಳೆಯನ್ನು ಬೆಳೆಸಲಾರದು.

ಸೂಜಿಗೆ ಕಾಯಬೇಡಿ

ಬೆನ್ನುನೋವಿನೊಡನೆ ಕಾಲಿನ ಬಲ ಕುಂದುವುದು, ತೊಡೆಸಂದು ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಮಲಮೂತ್ರ ತಿಳಿಯದೆ ಹೋಗುವುದು - ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಡವಾದರೆ ಕಾಲು ಶಾಶ್ವತವಾಗಿ ಸೋಲಬಹುದು. ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮರದಿಂದ ಬಿದ್ದವರಿಗೆ ಮೊದಲು ಎಕ್ಸ್‌-ರೇ, ಉಳಿದದ್ದು ಆಮೇಲೆ.

ಹೋಗುವ ಮುನ್ನ

* ಚಿಕಿತ್ಸಕರ ತರಬೇತಿ ವಿಚಾರಿಸಿ. ಪ್ರಕೃತಿ ಚಿಕಿತ್ಸೆಯ ಬಿ.ಎನ್.ವೈ.ಎಸ್. ಪದವಿಯಲ್ಲಿ ಅಕ್ಯುಪಂಕ್ಚರ್ ಕಲಿಸುತ್ತಾರೆ.
* ಪ್ರತಿಸಲವೂ ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ. ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಹೆಪಟೈಟಿಸ್-ಬಿ, ಏಡ್ಸ್ ವೈರಸ್ ಹರಡಬಹುದು.
* ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ತಿಳಿಸಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಸೂಜಿಗೆ ವಿದ್ಯುತ್ ಹಾಯಿಸಿಕೊಳ್ಳಬಾರದು.
* ಎಷ್ಟು ಸಲ, ಎಷ್ಟು ಖರ್ಚು ಎಂದು ಮೊದಲೇ ಕೇಳಿ. ಆರೆಂಟು ಸಲದ ನಂತರವೂ ಫಲ ಕಾಣದಿದ್ದರೆ ನಿಲ್ಲಿಸುವುದೇ ಜಾಣತನ.

ಹೊಸದಾಗಿ ಬಂದ ಬೆನ್ನುನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ತೀರಾ ನೋವಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು, ನಂತರ ನಡೆದಾಡಲೇಬೇಕು. ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತಿ. ನಾಟಿಯ ನಡುವೆ ಆಗಾಗ ನೆಟ್ಟಗೆ ನಿಂತು ಬೆನ್ನು ಸಡಿಲಿಸಿ. ಸೂಜಿ ನೋವನ್ನು ತಗ್ಗಿಸೀತು. ಬೆನ್ನನ್ನು ಗಟ್ಟಿಯಾಗಿಡುವುದು ದಿನನಿತ್ಯದ ನಡಿಗೆ ಮತ್ತು ವ್ಯಾಯಾಮ.