ಕನ್ನಡ ಕೈಬರಹ ಮತ್ತು ಅಚ್ಚಕ್ಷರಗಳ ರೂಪಭೇದ

ಕನ್ನಡದ ಒಂದೇ ಅಕ್ಷರವು ಕೈಬರಹದಲ್ಲಿ, ಮುದ್ರಣದಲ್ಲಿ ಹಾಗೂ ಗಣಕದ ಪರದೆಯ ಮೇಲೆ ಬೇರೆಬೇರೆ ಆಕಾರಗಳನ್ನು ತಳೆಯುವುದನ್ನು ಅಕ್ಷರಗಳ ರೂಪಭೇದ ಎನ್ನಬಹುದು. ಇವುಗಳಲ್ಲಿ ಕೆಲವು ಬರೆಯುವವರ ರೂಢಿಯಿಂದಲೂ ಕೆಲವು ಬರವಣಿಗೆಯ ಸಾಧನದಿಂದಲೂ ಉಂಟಾದವು. ಮುದ್ರಣವು ಹಲವು ರೂಪಗಳಲ್ಲಿ ಒಂದನ್ನು ಸ್ಥಿರಗೊಳಿಸಿತು. ಅಚ್ಚಿನಲ್ಲಿ ಮಾತ್ರ ಓದಿ ಬೆಳೆದವರಿಗೆ ಹಳೆಯ ಕೈಬರಹದ ದಾಖಲೆಗಳನ್ನು ಓದುವುದು ಕಷ್ಟವಾಗಿದೆ.

ಹಿನ್ನೆಲೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ ಶಾಸನದ ಕಾಲ ಸುಮಾರು ಕ್ರಿ.ಶ. 450 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇದರ ಲಿಪಿಯನ್ನು ಇಂದಿನ ಓದುಗರು ತರಬೇತಿಯಿಲ್ಲದೆ ಓದಲಾರರು. ನಂತರದ ಶತಮಾನಗಳಲ್ಲಿ ಅಕ್ಷರಗಳು ದುಂಡಗಾದವು. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ ಎಂಬುದು ಇದಕ್ಕೆ ಕೊಡುವ ಜನಪ್ರಿಯ ಕಾರಣ. ಹಳೆಯ ಬರಹದಲ್ಲಿ ಎ–ಏ, ಒ–ಓ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಓದುವವರೇ ಸಂದರ್ಭದಿಂದ ತಿಳಿಯಬೇಕಿತ್ತು.

ಲೆಕ್ಕಪತ್ರಗಳ ಬರವಣಿಗೆ ಇನ್ನೂ ಭಿನ್ನವಾಗಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಳಿದು ಮಡಚಿದ ‘ಕಡತ’ಗಳ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ವೇಗಕ್ಕಾಗಿ ಅಕ್ಷರಗಳನ್ನು ಮೊಟಕುಗೊಳಿಸಿ ಬರೆಯುವ ಈ ಬಗೆಗೆ ‘ಮೋಡಿ’ ಎಂದು ಹೆಸರು. ಇದು ಮರಾಠಿಯ ಮೋಡಿ ಲಿಪಿಯಲ್ಲ. ಜಮೀನು, ಉಂಬಳಿ, ದೇವಸ್ಥಾನದ ಆದಾಯಗಳಿಗೆ ಸಂಬಂಧಿಸಿದ ಹಳೆಯ ಬರಹಗಳು ಈ ಅಕ್ಷರಗಳಲ್ಲಿದ್ದರೆ, ಬಲ್ಲವರಿಲ್ಲದೆ ಅವು ಮೂಕವಾಗಿಯೇ ಉಳಿಯುತ್ತವೆ.

ಮುದ್ರಣ

ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಆದರೆ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಿತು. ಕಲ್ಲಚ್ಚಿನಲ್ಲಿ ಲಿಪಿಕಾರನ ಕೈಬರಹವೇ ಪ್ರತಿಯಾಗುತ್ತದೆ. ಹೀಗೆ ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳು ಕೈಬರಹದವೇ ಆಗಿದ್ದವು. ಸೀಸದ ಮೊಳೆಗಳು ವ್ಯಾಪಕವಾದ ಮೇಲೆ ಅಕ್ಷರವೊಂದರ ಆಕಾರವು ಎಲ್ಲ ಪುಟಗಳಲ್ಲೂ ಒಂದೇ ಆಯಿತು. ಕನ್ನಡ ಮತ್ತು ತೆಲುಗು ಅಕ್ಷರಗಳ ತಲೆಕಟ್ಟಿನ ವ್ಯತ್ಯಾಸವನ್ನು ಗಟ್ಟಿಗೊಳಿಸಿದ್ದರಲ್ಲಿ ಮುದ್ರಣದ ಪಾಲು ದೊಡ್ಡದು.

ಕೈಬರಹದ ರೂಢಿಗಳು

‘ಮಾರನಹಳ್ಳಿ’ ಎಂಬ ಊರ ಹೆಸರನ್ನು ಬರೆಯುವಾಗ ಅನೇಕರು ಳಕಾರದ ಒತ್ತನ್ನು ಅಕ್ಷರದ ನೇರ ಕೆಳಗೆ ಇಡುತ್ತಾರೆ. ಅಚ್ಚಿನಲ್ಲಿ ಅದು ಸಾಮಾನ್ಯವಾಗಿ ಬಲಕ್ಕೆ ಸರಿದಿರುತ್ತದೆ. ‘ಸಕಲೇಶಪುರ’ದ ಪು ಅಕ್ಷರದಲ್ಲಿ ಕೊಂಬು ಬುಡದಿಂದ ಇಳಿಯುತ್ತದೆ, ‘ಆಲೂರು’ವಿನ ರು ಅಕ್ಷರದಲ್ಲಿ ಹಾಗಿಲ್ಲ. ವು ಅಕ್ಷರಕ್ಕೂ ಇದೇ ವಿಶೇಷ ಕೊಂಬು. ಸಾಮಾನ್ಯ ಕೊಂಬನ್ನು ಕೊಟ್ಟರೆ ವಕಾರವು ಮಕಾರವಾಗಿ ಕಾಣುತ್ತದೆ. ಅವಸರದ ಬರಹದಲ್ಲಿ ಹೊಟ್ಟೆಯ ಗೆರೆ ಬಿಟ್ಟುಹೋದರೆ ಷ ಅಕ್ಷರ ಪ ಆಗುತ್ತದೆ, ಅಡಿಯ ಸೀಳು ಬಿಟ್ಟುಹೋದರೆ ಧ ಅಕ್ಷರ ದ ಆಗುತ್ತದೆ. ಬರಿಯ ಸುತ್ತು ಅನುಸ್ವಾರವೂ ಹೌದು, ಸೊನ್ನೆಯೂ ಹೌದು. ಅರ್ಕಾವೊತ್ತು ಒಂಬತ್ತರ ಅಂಕಿಯನ್ನು ಹೋಲುತ್ತದೆ.

ಗಣಕದಲ್ಲಿ

ಸೂರ್ಯ ಎಂಬ ಪದವನ್ನು ಕೆಲವರು ಅರ್ಕಾವೊತ್ತಿನಿಂದಲೂ ಕೆಲವರು ರಕಾರಕ್ಕೆ ಯಕಾರದ ಒತ್ತು ಕೊಟ್ಟು ‘ಸೂರ‍್ಯ’ ಎಂದೂ ಬರೆಯುತ್ತಾರೆ. ಕೈಬರಹದಲ್ಲಿ ಎರಡೂ ಒಂದೇ. ಯೂನಿಕೋಡ್‌ನಲ್ಲಿ ಮಾತ್ರ ಎರಡನೆಯ ರೂಪಕ್ಕೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಸೇರಿಸಬೇಕಾಗುತ್ತದೆ. ‘ರ‍್ಯಾಲಿ’, ‘ರ‍್ಯಾಂಕ್’ ಮುಂತಾದ ಪದಗಳಲ್ಲಿ ಈ ಸಂಕೇತ ತಪ್ಪಿದರೆ ಪದದ ಮೊದಲಿಗೇ ಅರ್ಕಾವೊತ್ತು ಮೂಡಿ ‘ರ್ಯಾಲಿ’ ಎಂದಾಗುತ್ತದೆ. ಎರಡು ರೂಪಗಳ ಸಂಕೇತಗಳು ಬೇರೆಯಾದ್ದರಿಂದ, ಈ ವ್ಯತ್ಯಾಸವನ್ನು ಗಮನಿಸದ ತಂತ್ರಾಂಶದಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗದು.