ಡೊಮೇನ್ ಹೆಸರಿನ ವಾಯಿದೆ: ಮೂರು ಕಡೆ ಮೂರು ಉತ್ತರ ಬಂದರೆ ಯಾವುದನ್ನು ನಂಬಬೇಕು?

ದೆಹಲಿಯ ಕಿದ್ವಾಯಿ ನಗರದಲ್ಲಿ ಕೇಟರಿಂಗ್ ನಡೆಸುವ ನಮ್ಮವರೊಬ್ಬರು ಕಳೆದ ವರ್ಷ ಪೇಚಿಗೆ ಸಿಕ್ಕಿಕೊಂಡರು. ಈ ಬಡಾವಣೆಯ ಪೂರ್ವ ಭಾಗದಲ್ಲಿ ಹಳೆಯ ಸರ್ಕಾರಿ ಕ್ವಾರ್ಟರ್ಸ್ ಹೋಗಿ ಬಹುಮಹಡಿ ಕಟ್ಟಡಗಳು, ಕಚೇರಿಗಳು ಬಂದ ಮೇಲೆ ಅವರ ವ್ಯಾಪಾರದ ಬಹುಪಾಲು ಕಚೇರಿಗಳ ಮಧ್ಯಾಹ್ನದ ಊಟದ್ದೇ. ಆರ್ಡರ್ ಬರುವುದು ಈ-ಮೇಲ್‌ನಲ್ಲಿ. ಒಂದು ಸೋಮವಾರ ಮೇಲ್ ಬರಲಿಲ್ಲ, ಮಂಗಳವಾರವೂ ಇಲ್ಲ. ಬುಧವಾರ ಕಾಯಂ ಗಿರಾಕಿಯೊಬ್ಬರು ಫೋನ್ ಮಾಡಿ, "150 ಊಟಕ್ಕೆ ಮೇಲ್ ಕಳಿಸಿದೆವು, ವಾಪಸ್ ಬಂತು. ಬೇರೆಯವರಿಗೆ ಹೇಳಿಬಿಟ್ಟೆವು" ಎಂದರು.

ವೆಬ್‌ಸೈಟ್ ತೆರೆದು ನೋಡಿದರೆ ಅದೂ ಇಲ್ಲ. ಡೊಮೇನ್ ಹೆಸರಿನ ವಾಯಿದೆ ಮುಗಿದಿರಬಹುದೆಂದು ಅವರು ಅಂತರಜಾಲದಲ್ಲಿ ಮೂರು ಕಡೆ ಹುಡುಕಿದರು. ಒಂದು ಕಡೆ "ವಾಯಿದೆ ಮುಂದಿನ ವರ್ಷದವರೆಗೆ ಇದೆ" ಎಂದಿತ್ತು. ಇನ್ನೊಂದು ಕಡೆ "ಹೋದ ವಾರವೇ ಮುಗಿದಿದೆ". ಮತ್ತೊಂದು ಕಡೆ "ಈ ಹೆಸರು ಖಾಲಿ ಇದೆ, ಕೊಳ್ಳಬಹುದು"! ಸಾಲದ್ದಕ್ಕೆ, ಮಗನ ಮೊಬೈಲಿನಲ್ಲಿ ಅದೇ ವೆಬ್‌ಸೈಟ್ ಇನ್ನೂ ತೆರೆಯುತ್ತಿತ್ತು.

ಇಂಥ ಸಂದರ್ಭದಲ್ಲಿ "ಯಾವುದು ಸುಳ್ಳು?" ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ "ಇದು ಯಾರ ಪುಸ್ತಕ ನೋಡಿ ಹೇಳುತ್ತಿದೆ?" ಎಂದು ಕೇಳಬೇಕು.

ಮಂಡಿಯ ಪುಸ್ತಕ, ಅಂಗಡಿಯ ಪುಸ್ತಕ

ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ ಹಣ ಕಟ್ಟಿ ಇಟ್ಟುಕೊಳ್ಳುತ್ತೇವೆ. ಇದರ ವ್ಯಾಪಾರ ನಮ್ಮ ದಿನಸಿ ವ್ಯಾಪಾರದಂತೆಯೇ. ಮೂಲ ದಾಖಲೆ ಇಡುವ 'ರಿಜಿಸ್ಟ್ರಿ' ಮಂಡಿ ಇದ್ದ ಹಾಗೆ. ನಮಗೆ ಹೆಸರು ಮಾರುವ 'ರಿಜಿಸ್ಟ್ರಾರ್' ಕಂಪನಿ ಅಂಗಡಿ ಇದ್ದ ಹಾಗೆ. 'ಡಾಟ್ ಕಾಮ್' ಹೆಸರುಗಳ ಮಂಡಿ ವೆರಿಸೈನ್ ಎಂಬ ಅಮೆರಿಕದ ಕಂಪನಿ. 'ಡಾಟ್ ಇನ್' ಹೆಸರುಗಳದ್ದು 2003ರಲ್ಲಿ ಸ್ಥಾಪನೆಯಾದ ನಮ್ಮ ದೇಶದ ನಿಕ್ಸಿ ಸಂಸ್ಥೆ.

ಡಾಟ್ ಕಾಮ್ ಹೆಸರಿನ ವಾಯಿದೆ ಮುಗಿದ ದಿನ ಮಂಡಿಯು ತಾನಾಗಿಯೇ ಇನ್ನೊಂದು ವರ್ಷ ಸೇರಿಸಿ ಅಂಗಡಿಯವನ ಲೆಕ್ಕಕ್ಕೆ ಬರೆದುಬಿಡುತ್ತದೆ. ನೀವು ಅಂಗಡಿಗೆ ಹಣ ಕಟ್ಟಿರದಿದ್ದರೂ ಮಂಡಿಯ ಪುಸ್ತಕದಲ್ಲಿ ಮುಂದಿನ ವರ್ಷದ ತಾರೀಖು ಕಾಣುವುದು ಇದರಿಂದಲೇ. ಅಂಗಡಿಯವನು 45 ದಿನದೊಳಗೆ ಯಾವಾಗ ಬೇಕಾದರೂ ಅದನ್ನು ರದ್ದು ಮಾಡಿಸಬಹುದು. ಆದ್ದರಿಂದ ಹಣ ಕಟ್ಟುವ ವಿಷಯದಲ್ಲಿ ನೀವು ನಂಬಬೇಕಾದ ತಾರೀಖು ರಿಜಿಸ್ಟ್ರಾರ್ ಖಾತೆಯಲ್ಲಿರುವುದು. ಮಂಡಿಯ ದಾಖಲೆಯಲ್ಲಿ 'ಆಟೋ ರಿನ್ಯೂ ಪೀರಿಯಡ್' ಎಂಬ ಸಾಲು ಕಂಡರೆ ಕೂಡಲೇ ಎಚ್ಚರವಾಗಿ.

ಉಳಿದ ಗೊಂದಲಗಳು

1. "ಖಾಲಿ ಇದೆ" ಎಂಬ ಉತ್ತರ: ಕೆಲವು ತಾಣಗಳು ನೋಂದಣಿ ಪುಸ್ತಕವನ್ನೇ ನೋಡುವುದಿಲ್ಲ, ಹೆಸರಿಗೆ ಸಂಪರ್ಕ ಇದೆಯೇ ಎಂದಷ್ಟೇ ನೋಡುತ್ತವೆ. ಹಣ ಬಾರದಾಗ ರಿಜಿಸ್ಟ್ರಾರ್ ಆ ಸಂಪರ್ಕವನ್ನು ತಡೆಹಿಡಿಯಬಹುದು. ದಾಖಲೆಯಲ್ಲಿ ಇದು 'ಕ್ಲೈಂಟ್ ಹೋಲ್ಡ್' ಎಂದು ಕಾಣುತ್ತದೆ. ಹೆಸರು ಮಾತ್ರ ಇನ್ನೂ ಖಾಲಿಯಾಗಿರುವುದಿಲ್ಲ.

2. ಒಂದು ಮೊಬೈಲಿನಲ್ಲಿ ಬರುತ್ತದೆ, ಇನ್ನೊಂದರಲ್ಲಿ ಇಲ್ಲ: ಇಂಟರ್‌ನೆಟ್ ಕಂಪನಿಗಳು ಹಳೆಯ ವಿಳಾಸವನ್ನು ಕೆಲವು ಗಂಟೆಗಳ ಕಾಲ ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಹಳೆಯ ನೆನಪು ಅಳಿದ ಮೇಲೆ ಎಲ್ಲೆಡೆ ಒಂದೇ ಆಗುತ್ತದೆ.

3. ಒಂದು ದಿನದ ವ್ಯತ್ಯಾಸ: ದಾಖಲೆಯ ವೇಳೆ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ 10ನೇ ತಾರೀಖು ರಾತ್ರಿ 8 ಗಂಟೆ ಎಂದರೆ ನಮಗೆ 11ರ ಬೆಳಗಿನ ಜಾವ 1.30.

4. ಹಳೆಯ ತಾಣಗಳು: ಹಿಂದೆ ಎಲ್ಲರೂ 'ಹೂಈಸ್' ಪದ್ಧತಿಯಲ್ಲಿ ಹುಡುಕುತ್ತಿದ್ದರು. ಡಾಟ್ ಕಾಮ್‌ನಂಥ ಹೆಸರುಗಳಿಗೆ ಅದನ್ನು ನಡೆಸಲೇಬೇಕೆಂಬ ನಿಯಮ 2025ರ ಜನವರಿ 28ಕ್ಕೆ ಕೊನೆಗೊಂಡು, 'ಆರ್‌ಡಿಎಪಿ' ಎಂಬ ಹೊಸ ಪದ್ಧತಿ ಅದರ ಜಾಗಕ್ಕೆ ಬಂದಿದೆ. ಹಳೆಯ ಪದ್ಧತಿಯ ತಾಣಗಳು ಹಿಂದೆಂದೋ ತೆಗೆದಿಟ್ಟ ನಕಲನ್ನು ತೋರಿಸುವುದುಂಟು.

5. ಮಾಲೀಕರ ಹೆಸರು ಕಾಣದಿರುವುದು: 2018ರಲ್ಲಿ ಯುರೋಪಿನ ಖಾಸಗಿ ಮಾಹಿತಿ ಕಾನೂನು ಬಂದ ನಂತರ ಬಹಳಷ್ಟು ದಾಖಲೆಗಳಲ್ಲಿ ಹೆಸರನ್ನು ಮರೆಮಾಡಲಾಗಿದೆ. ಅಲ್ಲಿ ಕಾಣದ ಮಾತ್ರಕ್ಕೆ ಹೆಸರು ಕೈತಪ್ಪಿತೆಂದು ಗಾಬರಿಯಾಗಬೇಡಿ.

ಏನು ಮಾಡಬೇಕು?

ಡಾಟ್ ಕಾಮ್ ಆದರೆ ಐಕಾನ್ ಸಂಸ್ಥೆಯ 'ಲುಕಪ್.ಐಕಾನ್.ಆರ್ಗ್' ತಾಣದಲ್ಲಿ, ಡಾಟ್ ಇನ್ ಆದರೆ ನಿಕ್ಸಿಯ 'ರಿಜಿಸ್ಟ್ರಿ.ಇನ್' ತಾಣದಲ್ಲಿ ನೋಡಿ. ಅಲ್ಲಿ ರಿಜಿಸ್ಟ್ರಾರ್ ಯಾರೆಂಬುದು ತಿಳಿಯುತ್ತದೆ. ನಂತರ ಆ ರಿಜಿಸ್ಟ್ರಾರ್ ಖಾತೆಗೆ ಹೋಗಿ ತಾರೀಖು ನೋಡಿ. ಡಾಟ್ ಕಾಮ್ ಹೆಸರು ರದ್ದಾದರೂ 30 ದಿನ 'ರಿಡೆಂಪ್ಷನ್' ಅವಧಿ ಇರುತ್ತದೆ. ಆಗ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದು. ಆಮೇಲಿನ 5 ದಿನದ 'ಪೆಂಡಿಂಗ್ ಡಿಲೀಟ್' ಶುರುವಾದರೆ ಯಾರ ಕೈಯಲ್ಲೂ ಆಗದು. ಅದು ಮುಗಿದ ಮೇಲೆ ನಿಮ್ಮ ಹೋಟೆಲಿನ ಹೆಸರನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಕೆಲವು ಕಂಪನಿಗಳು ರದ್ದು ಮಾಡಿಸುವ ಮೊದಲೇ ಹರಾಜಿಗೆ ಹಾಕುವುದೂ ಉಂಟು.

ಕಿದ್ವಾಯಿ ನಗರದ ನಮ್ಮ ಮಿತ್ರರು ಅದೇ ದಿನ ಹಣ ಕಟ್ಟಿ ಹೆಸರು ಉಳಿಸಿಕೊಂಡರು. 150 ಊಟದ ಆರ್ಡರ್ ಮಾತ್ರ ಹೋಯಿತು. ತಪ್ಪು ಎಲ್ಲಿತ್ತು? ಐಕಾನ್ ನಿಯಮದಂತೆ ರಿಜಿಸ್ಟ್ರಾರ್ ಸುಮಾರು ಒಂದು ತಿಂಗಳು ಮೊದಲು, ಮತ್ತೆ ಒಂದು ವಾರ ಮೊದಲು ನೆನಪೋಲೆ ಕಳಿಸಲೇಬೇಕು. ಕಳಿಸಿದ್ದರು ಕೂಡ. ಆದರೆ ಅವು ಹೋದದ್ದು ಆರು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಮೇಲ್‌ಗೆ. ಆ ಹುಡುಗ ಈಗ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ.

ಆದ್ದರಿಂದ ಸದಸ್ಯ ಬಾಂಧವರು ಈ ವಾರವೇ ಒಂದು ಕೆಲಸ ಮಾಡಬೇಕಾಗಿ ವಿನಂತಿ. ಡೊಮೇನ್ ಖಾತೆ ನಿಮ್ಮ ಹೆಸರಿನಲ್ಲಿದೆಯೇ, ಪಾಸ್‌ವರ್ಡ್ ನಿಮ್ಮ ಬಳಿ ಇದೆಯೇ ಎಂದು ನೋಡಿಕೊಳ್ಳಿ. ಅದರಲ್ಲಿ ಕೊಟ್ಟಿರುವ ಈ-ಮೇಲ್ ನೀವು ದಿನವೂ ನೋಡುವಂಥದ್ದಾಗಿರಲಿ. ಅದೇ ಡೊಮೇನಿನ ಮೇಲ್ ಮಾತ್ರ ಬೇಡ, ಏಕೆಂದರೆ ವಾಯಿದೆ ತಪ್ಪಿದ ದಿನ ಅದೂ ನಿಲ್ಲುತ್ತದೆ. ವಾಯಿದೆಯ ತಾರೀಖನ್ನು ಗಲ್ಲಾದ ಹಿಂದಿನ ಕ್ಯಾಲೆಂಡರಿನಲ್ಲಿ ಲೈಸೆನ್ಸ್ ತಾರೀಖಿನ ಪಕ್ಕದಲ್ಲೇ ಬರೆದಿಡಿ.