ಹರಾಜಿಗೆ ಬಂದ ವಸ್ತಾದ

ಬೆಳಗಾವಿ, ಖಾನಾಪುರ ಸೀಮೆಯ ಪೈಲವಾನನು ವಯಸ್ಸಾದಾಗ ಕುಸ್ತಿಯನ್ನು ಬಿಟ್ಟಾನು, ಗರಡಿಯನ್ನು ಬಿಡನು. ವಸ್ತಾದನಾಗಿ ಕೆಮ್ಮಣ್ಣಿನಂಚಿನಲ್ಲಿ ಕುಳಿತು ಹುಡುಗರಿಗೆ ಪಟ್ಟು ಕಲಿಸುವನು. ಹಣದ ಕ್ರಿಕೆಟ್ಟಿಗೆ ಈ ಮರ್ಯಾದೆ ತಿಳಿಯದು. 2008ರಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಮೊದಲ ನಾಯಕರಾಗಿದ್ದ ರಾಹುಲ್ ದ್ರಾವಿಡರನ್ನು 2011ರ ಹರಾಜಿಗೆ ಮುನ್ನ ಆ ತಂಡ ಉಳಿಸಿಕೊಳ್ಳಲಿಲ್ಲ. ಉಳಿಸಿಕೊಂಡದ್ದು ವಿರಾಟ್ ಕೊಹ್ಲಿಯವರೊಬ್ಬರನ್ನೇ. ಮೂವತ್ತೆಂಟರ ಹೊಸ್ತಿಲಲ್ಲಿದ್ದ ಹಿರಿಯರನ್ನು ರಾಜಸ್ಥಾನದವರು 5 ಲಕ್ಷ ಡಾಲರಿಗೆ ಕೊಂಡರು. ಇಪ್ಪತ್ತು ಓವರುಗಳ ಆಟ ಎಳೆಯರದೆಂಬ ಲೆಕ್ಕವೇನೋ ಸರಿಯೇ. ತವರಿನ ಅಭಿಮಾನ ಅಂಥ ಲೆಕ್ಕವನ್ನು ಒಪ್ಪೀತೆ? 2012ರ ಏಪ್ರಿಲ್‌ನಲ್ಲಿ ದ್ರಾವಿಡರು ರಾಜಸ್ಥಾನದ ನಾಯಕರಾಗಿಯೇ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದು, ಹಳೆಯ ತಂಡವನ್ನು 59 ರನ್ನುಗಳಿಂದ ಸೋಲಿಸಿದರು. ಅಂದು ಅಜೇಯ 103 ರನ್ನು ಹೊಡೆದ ಅಜಿಂಕ್ಯ ರಹಾನೆ ದ್ರಾವಿಡರ ಗರಡಿಯಲ್ಲಿ ಪಳಗಿದ ಹುಡುಗ.